‘ಕರೆಂಟ್ ಕೊಡ್ತಾರಂತ’: ರೇಡಿಯೇಷನ್ ಬಗ್ಗೆ ನಮ್ಮ ಮಂದಿ ಕೇಳುವ ಪ್ರಶ್ನೆಗಳು, ಮತ್ತು ಯಾರೂ ಉತ್ತರಿಸದ ಒಂದು ಪ್ರಶ್ನೆ

ನಮ್ಮ ಕಡೆ ರೇಡಿಯೇಷನ್‌ಗೆ ಯಾರೂ ರೇಡಿಯೇಷನ್ ಅನ್ನಲ್ಲ, ‘ಕರೆಂಟ್’ ಅಂತಾರೆ. ಕಲಬುರಗಿ ಶಹರಕ್ಕೆ ಅಂಟಿಕೊಂಡಿರುವ ತಾಜಸುಲ್ತಾನಪುರ ಇರಲಿ, ಹುಮನಾಬಾದ್ ರಸ್ತೆಯ ಕಮಲಾಪುರ ಇರಲಿ, ಒಂದು ಮನೆಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂದರೆ ಓಣಿಯವರು ಮೊದಲು ಕೇಳೋದು ಒಂದೇ ಮಾತು: ‘ಆಪರೇಷನ್ ಮಾಡ್ತಾರೋ, ಕರೆಂಟ್ ಕೊಡ್ತಾರೋ?’

ನಾನು ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಪತ್ರಿಕೋದ್ಯಮ. ಹಾಗಾಗಿ ಎರಡೂ ಬಗೆಯ ಪ್ರಶ್ನೆಗಳು ನನ್ನ ಕಡೆ ಬರ್ತವೆ. ‘ಮಷಿನ್ ಹೆಂಗ ಕೆಲಸ ಮಾಡ್ತದ?’ ಅನ್ನೋದು ಒಂದು, ‘ಕಾರ್ಡ್ ಮ್ಯಾಲ ಆಗ್ತದೇನು?’ ಅನ್ನೋದು ಇನ್ನೊಂದು. ನಾನು ಡಾಕ್ಟರ್ ಅಲ್ಲ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನ ಅವರ ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ನೋಡಿದ ತಜ್ಞರೇ ಹೇಳಬೇಕು. ಆದರೆ ಪದೇ ಪದೇ ಬರುವ ಹಲವು ಪ್ರಶ್ನೆಗಳಿಗೆ ವಿಜ್ಞಾನದಲ್ಲಿ ಸ್ಪಷ್ಟ ಉತ್ತರ ಇದೆ. ಸ್ಪಷ್ಟ ಉತ್ತರ ಇಲ್ಲದೆ ಉಳಿಯೋದು ಒಂದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕೊಡಬೇಕಾದವರು ಡಾಕ್ಟರೇ ಅಲ್ಲ.

ಇದು ಕರೆಂಟ್ ಹೌದೋ ಅಲ್ಲವೋ?

ಅಲ್ಲ. ಮೈಗೆ ವಿದ್ಯುತ್ ಹರಿಸಲ್ಲ, ಶಾಕ್ ಕೊಡಲ್ಲ. ಲೀನಿಯರ್ ಆಕ್ಸಿಲರೇಟರ್, ಅಂದರೆ ಎಲ್ಲರೂ ‘ಲಿನಾಕ್’ ಅನ್ನುವ ಯಂತ್ರದಲ್ಲಿ, ಎಲೆಕ್ಟ್ರಾನ್‌ಗಳನ್ನ ಭಾರೀ ವೇಗಕ್ಕೆ ಏರಿಸಿ ಒಂದು ಲೋಹದ ತುಂಡಿಗೆ ಗುದ್ದಿಸ್ತಾರೆ. ಅಲ್ಲಿಂದ ಶಕ್ತಿಶಾಲಿ ಎಕ್ಸ್-ರೇ ಹೊರಡುತ್ತೆ. ಎದೆ ಫೋಟೋ ತೆಗೆಸುವಾಗ ಬರುವುದೂ ಎಕ್ಸ್-ರೇನೇ, ಇದರ ಶಕ್ತಿ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ವೇಗ ಏರಿಸುವ ಕೆಲಸ ಇಲ್ಲ. ಕೋಬಾಲ್ಟ್-60 ಅನ್ನುವ ವಿಕಿರಣಶೀಲ ಲೋಹದಿಂದ ಗಾಮಾ ಕಿರಣ ತಾನೇ ಬರ್ತಿರುತ್ತೆ, ಯಂತ್ರ ಬಾಗಿಲು ತೆರೆದು ಮುಚ್ಚುತ್ತೆ ಅಷ್ಟೇ.

ಈ ಕಿರಣ ಜೀವಕೋಶದ ಡಿಎನ್‌ಎ ಮುರಿಯುತ್ತೆ. ಆರೋಗ್ಯವಂತ ಕೋಶ ತನ್ನ ಡಿಎನ್‌ಎಯನ್ನ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತೆ. ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರಲ್ಲ. ಇಡೀ ಚಿಕಿತ್ಸೆ ನಿಂತಿರೋದು ಈ ವ್ಯತ್ಯಾಸದ ಮೇಲೆ.

ಯಂತ್ರದ ಕೆಳಗೆ ಮಲಗಿದಾಗ ನೋವಾಗಲ್ಲ, ಬಿಸಿಯೂ ಆಗಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಎದ್ದು ಬರಬಹುದು. ಕಷ್ಟ ಶುರುವಾಗೋದು ಸಾಮಾನ್ಯವಾಗಿ ಎರಡನೇ, ಮೂರನೇ ವಾರದಲ್ಲಿ. ಕಿರಣ ಬಿದ್ದ ಕಡೆ ಚರ್ಮ ಕಪ್ಪಾಗಿ ಉರಿಯೋದು, ಸುಸ್ತು, ಬಾಯಿಗೆ ಕೊಟ್ಟರೆ ಬಾಯಿಹುಣ್ಣು, ಹೊಟ್ಟೆಯ ಕೆಳಭಾಗಕ್ಕೆ ಕೊಟ್ಟರೆ ಭೇದಿ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಇಳಿಯುತ್ತವೆ. ತಲೆಗೂದಲು ಉದುರೋದು ತಲೆಗೆ ಕೊಟ್ಟರೆ ಮಾತ್ರ.

ಮೊಮ್ಮಕ್ಕಳನ್ನ ಎತ್ಕೊಬೇಕೋ ಬ್ಯಾಡೋ?

ಎತ್ಕೊಳ್ಳಿ. ಹೊರಗಿನಿಂದ ಕೊಡುವ ರೇಡಿಯೇಷನ್‌ನಲ್ಲಿ ಯಂತ್ರ ಆಫ್ ಆದ ಕ್ಷಣಕ್ಕೆ ಕಿರಣ ಮುಗೀತು. ಬಲ್ಬ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯಲ್ಲ, ಇದೂ ಹಾಗೇ. ರೋಗಿಗೆ ಬೇರೆ ತಟ್ಟೆ, ಬೇರೆ ಚಾಪೆ, ಬೇರೆ ಕೋಣೆ ಬೇಕಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗೆ ಒಳಗಿಂದ ಕೊಡುವ ಬ್ರಾಕಿಥೆರಪಿಯಲ್ಲಿ ಸಾಮಾನ್ಯವಾಗಿ ಇರಿಡಿಯಂನ ಪುಟ್ಟ ಮೂಲವೊಂದು ಕೊಳವೆಯ ಮೂಲಕ ಒಳಗೆ ಹೋಗಿ, ಕೆಲವು ನಿಮಿಷ ಇದ್ದು, ವಾಪಸ್ ಯಂತ್ರಕ್ಕೆ ಬರುತ್ತೆ. ಆಮೇಲೆ ಆ ಹೆಣ್ಣುಮಗಳಿಂದಲೂ ಯಾರಿಗೂ ಅಪಾಯ ಇಲ್ಲ. ನಿಜವಾಗಿ ಎಚ್ಚರ ಬೇಕಿರೋದು ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ನುಂಗಿಸಿದಾಗ. ಆಗ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಿ ಅಂತ ಆಸ್ಪತ್ರೆಯವರೇ ಹೇಳಿ ಕಳಿಸ್ತಾರೆ.

ಈ ಉತ್ತರವನ್ನ ಒತ್ತಿ ಹೇಳೋಕೆ ಕಾರಣ ಇದೆ. ಬಾಯಿಯ ಕ್ಯಾನ್ಸರ್ ಬಂದವರನ್ನ, ಗರ್ಭಕೊರಳಿನ ಕ್ಯಾನ್ಸರ್ ಬಂದ ಹೆಂಗಸರನ್ನ ಮೊದಲೇ ಒಂದು ಬಗೆಯ ಮೈಲಿಗೆಯ ಕಣ್ಣಲ್ಲಿ ನೋಡುವ ಮನೆಗಳಿವೆ. ಅದರ ಮೇಲೆ ‘ಕರೆಂಟ್ ತಗೊಂಡಾಳ, ಮುಟ್ಟಬ್ಯಾಡ’ ಅನ್ನೋದೂ ಸೇರಿದರೆ ಆಕೆ ಚಿಕಿತ್ಸೆಯನ್ನೇ ಬಿಡಬಹುದು.

ಕರೆಂಟ್ ಕೊಟ್ಟರು ಅಂದ್ರ ಕೊನೀ ಹಂತ ಅಂತಲ್ಲ?

ಇದು ಅತಿ ಹೆಚ್ಚು ಹಾನಿ ಮಾಡುವ ತಪ್ಪು ಕಲ್ಪನೆ. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಚಿಕಿತ್ಸೆಯ ಯಾವುದಾದರೊಂದು ಹಂತದಲ್ಲಿ ರೇಡಿಯೇಷನ್ ಬೇಕಾಗುತ್ತೆ. ಎಷ್ಟೋ ಸಲ ಅದೇ ಗುಣಪಡಿಸುವ ಮುಖ್ಯ ಚಿಕಿತ್ಸೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಗರ್ಭಕೊರಳಿನ ಕ್ಯಾನ್ಸರ್ ಇದ್ದ 633 ಹೆಂಗಸರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಒಂದು ಗುಂಪಿಗೆ ಮೊದಲು ಕೀಮೋ ಕೊಟ್ಟು ಆಪರೇಷನ್, ಇನ್ನೊಂದು ಗುಂಪಿಗೆ ಆಪರೇಷನ್ ಇಲ್ಲದೆ ರೇಡಿಯೇಷನ್ ಜೊತೆಗೆ ಕೀಮೋ. 5 ವರ್ಷದ ನಂತರ ರೋಗ ಮರಳದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 69.3, ಎರಡನೆಯದರಲ್ಲಿ ಶೇ. 76.7. ಅಂದರೆ ‘ಆಪರೇಷನ್ ಮಾಡಲಿಲ್ಲ, ಬರೀ ಕರೆಂಟ್ ಕೊಟ್ಟು ಕಳಿಸಿದ್ರು’ ಅಂತ ಮನೆಯವರು ನೊಂದುಕೊಳ್ಳುವ ಆ ಚಿಕಿತ್ಸೆಯೇ ಆ ಹಂತದ ರೋಗಕ್ಕೆ ಹೆಚ್ಚು ಫಲ ಕೊಟ್ಟಿತ್ತು.

ಅದಕ್ಕಿಂತ ಮುಂದುವರಿದ, ಮೂರನೇ ಹಂತದ ರೋಗಕ್ಕೂ ಅದೇ ಆಸ್ಪತ್ರೆಯ ಇನ್ನೊಂದು ಅಧ್ಯಯನ ಇದೆ. 850 ಹೆಂಗಸರಲ್ಲಿ ರೇಡಿಯೇಷನ್ ಒಂದನ್ನೇ ಪಡೆದವರ ಪೈಕಿ ಶೇ. 46 ಮಂದಿ 5 ವರ್ಷದ ನಂತರ ಬದುಕಿದ್ದರು. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ ಪಡೆದವರಲ್ಲಿ ಶೇ. 54. ಮೂರನೇ ಹಂತ ಅಂದ ಮಾತ್ರಕ್ಕೆ ಕೈ ಚೆಲ್ಲಬೇಕಿಲ್ಲ.

ಗುಣವಾಗದ ಹಂತದಲ್ಲೂ ರೇಡಿಯೇಷನ್‌ಗೆ ಕೆಲಸ ಇದೆ. ಮೂಳೆಗೆ ಹರಡಿ ನರಳುವವರಿಗೆ ಒಂದೇ ಒಂದು ಸಲ ಕೊಡುವ 8 ಗ್ರೇ ಡೋಸ್, ಹಲವು ದಿನ ಕೊಡುವ ಚಿಕಿತ್ಸೆಯಷ್ಟೇ ನೋವು ಇಳಿಸುತ್ತೆ. ದೂರದ ಊರಿನ ರೋಗಿ ಇದನ್ನ ಬಾಯಿಬಿಟ್ಟು ಕೇಳಬೇಕು: ‘ಒಂದೇ ದಿನದಾಗ ಮುಗಿಸ್ಲಿಕ್ಕೆ ಆಗ್ತದೇನ್ರಿ ಸರ್?’

ಆಪರೇಷನ್ನೋ, ರೇಡಿಯೇಷನ್ನೋ: ಆಯ್ಕೆ ಯಾರದ್ದು?

ಕೆಲವು ಕ್ಯಾನ್ಸರ್‌ಗಳಲ್ಲಿ ಆಯ್ಕೆಯೇ ಇಲ್ಲ. ಗುಟ್ಕಾ, ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್, ಅಗತ್ಯ ಬಿದ್ದರೆ ಆಮೇಲೆ ರೇಡಿಯೇಷನ್. ಧ್ವನಿಪೆಟ್ಟಿಗೆಯ ಆರಂಭದ ಕ್ಯಾನ್ಸರ್‌ನಲ್ಲಿ ರೇಡಿಯೇಷನ್‌ನಿಂದ ರೋಗವೂ ಹೋಗಿ ಧ್ವನಿಯೂ ಉಳಿಯಬಹುದು. ಪ್ರಾಸ್ಟೇಟ್‌ನಲ್ಲಿ ನಿಜವಾದ ಆಯ್ಕೆ ಇದೆ. ಬ್ರಿಟನ್ನಿನಲ್ಲಿ ರೋಗ ಹರಡದ 1,643 ಗಂಡಸರನ್ನ ಸುಮಾರು 15 ವರ್ಷ ಗಮನಿಸಿದ ಅಧ್ಯಯನದಲ್ಲಿ ಆಪರೇಷನ್, ರೇಡಿಯೇಷನ್, ಬರೀ ನಿಗಾ ಈ ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಶೇ. 3ರ ಆಸುಪಾಸು. ಬೇರೆ ಇದ್ದದ್ದು ಅಡ್ಡಪರಿಣಾಮ. ಆಪರೇಷನ್ ಆದವರಲ್ಲಿ ಮೂತ್ರ ಸೋರುವ ತೊಂದರೆ ಹೆಚ್ಚು, ರೇಡಿಯೇಷನ್ ಆದವರಲ್ಲಿ ಕರುಳಿನ ತೊಂದರೆ ಹೆಚ್ಚು.

ಸ್ತನ ಕ್ಯಾನ್ಸರ್ ವಿಷಯಕ್ಕೆ ಬಂದರೆ ದೂರದ ಲೆಕ್ಕ ಶುರುವಾಗುತ್ತೆ. ಗಡ್ಡೆಯಷ್ಟನ್ನೇ ತೆಗೆದು ರೇಡಿಯೇಷನ್ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಸಾಧ್ಯತೆ ಒಂದೇ ಅಂತ 20 ವರ್ಷ ಗಮನಿಸಿದ ಎರಡು ದೊಡ್ಡ ಅಧ್ಯಯನಗಳು 2002ರಲ್ಲೇ ತೋರಿಸಿವೆ. ಆದರೆ ಸ್ತನ ಉಳಿಸಿಕೊಂಡರೆ ರೇಡಿಯೇಷನ್ ಕಡ್ಡಾಯ ಎನ್ನುವಷ್ಟು ಮುಖ್ಯ. ಯಂತ್ರ ಇರೋದು ನೂರಾರು ಕಿಲೋಮೀಟರ್ ಆಚೆ ಅಂದರೆ, ‘ಪೂರ್ತಿ ತೆಗೆದುಬಿಡ್ರಿ, ಅಡ್ಡಾಡಲಿಕ್ಕೆ ಆಗಲ್ಲ’ ಅನ್ನೋದೇ ಹೆಣ್ಣುಮಗಳ ಬಾಯಿಂದ ಬರುತ್ತೆ. ಫೈಲಿನಲ್ಲಿ ಅದು ‘ರೋಗಿಯ ಆಯ್ಕೆ’ ಅಂತ ದಾಖಲಾಗುತ್ತೆ. ನಿಜಕ್ಕೂ ಆರಿಸಿದ್ದು ದೂರ.

ದಿನಾ ಯಾಕೆ? ಒಮ್ಮೆಗೇ ಕೊಡಬಾರದೇನು?

ಒಮ್ಮೆಗೇ ಕೊಟ್ಟರೆ ಕ್ಯಾನ್ಸರ್ ಜೊತೆ ಸುತ್ತಲಿನ ಕರುಳು, ಮೂತ್ರಕೋಶ, ನರ ಎಲ್ಲ ಹಾಳು. ಅದಕ್ಕೇ ಸ್ವಲ್ಪ ಸ್ವಲ್ಪ. ಇವತ್ತು ಕೊಟ್ಟು ನಾಳೆವರೆಗೆ ಬಿಟ್ಟರೆ ಒಳ್ಳೆಯ ಕೋಶ ಚೇತರಿಸಿಕೊಳ್ಳುತ್ತೆ, ಕ್ಯಾನ್ಸರ್ ಕೋಶ ಅಷ್ಟು ಚೇತರಿಸಿಕೊಳ್ಳಲ್ಲ. ವಾರಕ್ಕೆ 5 ದಿನ, ಗರ್ಭಕೊರಳಿಗೆ ಸುಮಾರು 25 ದಿನ ಮತ್ತು ಆಮೇಲೆ ಬ್ರಾಕಿಥೆರಪಿ, ಬಾಯಿ-ಗಂಟಲಿಗೆ 30ರಿಂದ 35 ದಿನ.

ಅರ್ಧಕ್ಕೆ ಬಿಟ್ಟರೆ? ತೊಗರಿ ಹೊಲದಲ್ಲಿ ಅರ್ಧ ಕಳೆ ಕಿತ್ತು ಹದಿನೈದು ದಿನ ಬಿಟ್ಟು ನೋಡಿ. ಉಳಿದ ಕಳೆ ಖಾಲಿ ಜಾಗ ನೋಡಿ ಮೊದಲಿಗಿಂತ ಜೋರಾಗಿ ಎದ್ದಿರುತ್ತೆ. ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರ್ ಕೋಶಗಳೂ ಚಿಕಿತ್ಸೆ ಶುರುವಾದ ಮೂರ್ನಾಲ್ಕು ವಾರದ ನಂತರ ಹೀಗೆ ವೇಗವಾಗಿ ಬೆಳೆಯೋಕೆ ನೋಡುತ್ತವೆ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಕುಸಿಯುತ್ತೆ ಅನ್ನೋದು ಈ ಕ್ಷೇತ್ರದ ಹಳೆಯ ಲೆಕ್ಕ. ಗರ್ಭಕೊರಳಿನ ಕ್ಯಾನ್ಸರ್‌ಗೆ ಬ್ರಾಕಿಥೆರಪಿಯೂ ಸೇರಿ 8 ವಾರದೊಳಗೆ ಮುಗಿಯಬೇಕು ಅನ್ನೋದು ಅದಕ್ಕೇ. ಜಾತ್ರೆ, ಮದುವೆ, ಬಿತ್ತನೆ ಅಂತ ಬಿಟ್ಟ ದಿನಗಳಷ್ಟೇ ಯಂತ್ರ ಕೆಟ್ಟು ನಿಂತ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಎಲ್ಲ ಕ್ಯಾನ್ಸರ್‌ಗೂ ಇಷ್ಟು ದಿನ ಬೇಕು ಅಂತಲೂ ಇಲ್ಲ. ಸ್ತನ ಕ್ಯಾನ್ಸರ್‌ಗೆ 5 ವಾರದ ಬದಲು 3 ವಾರ ಸಾಕು ಅಂತ ಬ್ರಿಟನ್ನಿನ ‘ಸ್ಟಾರ್ಟ್’ ಅಧ್ಯಯನಗಳು ತೋರಿಸಿದವು. 2020ರಲ್ಲಿ ಬಂದ ‘ಫಾಸ್ಟ್-ಫಾರ್ವರ್ಡ್’ ಅಧ್ಯಯನ ಆರಂಭದ ಹಂತದ ಹಲವರಿಗೆ 5 ದಿನದಲ್ಲೇ ಮುಗಿಸಬಹುದು ಅಂತ ಹೇಳಿತು. ಲಂಡನ್ನಿನವರಿಗೆ ಇದು ಅನುಕೂಲದ ಮಾತು. ಚಿಂಚೋಳಿಯವರಿಗೆ ಚಿಕಿತ್ಸೆ ಮುಗಿಸೋದೋ ಬಿಡೋದೋ ಅನ್ನುವ ಮಾತು.

ಕೋಬಾಲ್ಟ್ ಹಳೇದು, ಲಿನಾಕ್‌ಗೇ ಹೋಗಬೇಕಾ?

ಕೋಬಾಲ್ಟ್ ಅಂದ ಕೂಡಲೇ ಓಡಿಹೋಗಬೇಕಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ ತಯಾರಿಸಿದ ‘ಭಾಭಾಟ್ರಾನ್’ ಕೋಬಾಲ್ಟ್ ಯಂತ್ರವೇ. ಅಂತಹ ಯಂತ್ರಗಳು ಬಹಳಷ್ಟು ಜನರನ್ನ ಉಳಿಸಿವೆ. ಅದರ ಮಿತಿ ಎರಡು. ಒಂದು, ಕೋಬಾಲ್ಟ್ ಪ್ರತಿ 5.27 ವರ್ಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತೆ. ಮೂಲ ಬದಲಿಸದಿದ್ದರೆ ಅದೇ ಡೋಸ್‌ಗೆ ಎರಡರಷ್ಟು ಹೊತ್ತು ಬೇಕು, ಹೊರಗಿನ ಸಾಲು ಉದ್ದ ಆಗುತ್ತೆ. ಎರಡು, ಲಿನಾಕ್‌ನಲ್ಲಿ ಐಎಂಆರ್‌ಟಿ ವಿಧಾನದಿಂದ ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಮಲಚಬಹುದು. 2011ರ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಗಂಟಲಿಗೆ ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 74 ಮಂದಿಗೆ ಒಂದು ವರ್ಷದ ನಂತರವೂ ಬಾಯಿ ತೀರಾ ಒಣಗುತ್ತಿತ್ತು, ಐಎಂಆರ್‌ಟಿ ಪಡೆದವರಲ್ಲಿ ಶೇ. 38 ಮಂದಿಗೆ. ಬದುಕುಳಿಯುವ ಪ್ರಮಾಣದಲ್ಲಿ ಫರಕು ಕಾಣಲಿಲ್ಲ. ಒಣ ಬಾಯಿಯಲ್ಲಿ ಜೋಳದ ರೊಟ್ಟಿ ಇಳಿಯಲ್ಲ, ಹಾಗಾಗಿ ಇದು ಸಣ್ಣ ಲಾಭವಲ್ಲ. ಆದರೆ ಲಿನಾಕ್‌ಗಾಗಿ ಎರಡು ತಿಂಗಳು ಕಾಯೋದಕ್ಕಿಂತ ಇವತ್ತು ಶುರುವಾಗುವ ಕೋಬಾಲ್ಟ್ ಎಷ್ಟೋ ಸಲ ಮೇಲು. ಇದನ್ನ ನಿಮ್ಮ ತಜ್ಞರ ಹತ್ತಿರ ನೇರವಾಗಿ ಕೇಳಿ.

ಕೇಳೋಕೆ ನಾಚುವ, ಮರೆಯುವ ಮಾತುಗಳು

ಬಾಯಿ-ಗಂಟಲಿನ ರೇಡಿಯೇಷನ್‌ಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಹುಳುಕು ಹಲ್ಲು ಕೀಳಿಸೋದಿದ್ದರೆ ಮೊದಲೇ ಕೀಳಿಸಿ, ಆಮೇಲೆ ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯ ಇದೆ. ಚರ್ಮದ ಮೇಲೆ ಹಾಕಿದ ಗುರುತನ್ನ ಉಜ್ಜಿ ತೊಳೆಯಬೇಡಿ, ಅರಿಶಿನ, ಎಣ್ಣೆ, ಸುಣ್ಣ ಹಚ್ಚಬೇಡಿ. ‘ಉಷ್ಣ ಆಗ್ತದ’ ಅಂತ ಬೇಳೆ, ತತ್ತಿ ಬಿಡಿಸಬೇಡಿ. ರೊಟ್ಟಿ ಆಗದಿದ್ದರೆ ಅಂಬಲಿ, ಗಂಜಿ, ಹಾಲು. ತೂಕ ಇಳಿದರೆ ಮುಖಕ್ಕೆ ಹೊಂದಿಸಿದ ಮಾಸ್ಕ್ ಸಡಿಲಾಗುತ್ತೆ, ಗುರಿ ತಪ್ಪುತ್ತೆ. ತಂಬಾಕು ಆ ದಿನದಿಂದಲೇ ಬಂದ್.

ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ಪಡೆದ ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಯೋನಿ ಬಿಗಿಯಾಗಬಹುದು, ಒಣಗಬಹುದು. ಇದಕ್ಕೆ ವ್ಯಾಯಾಮ, ಸಾಧನ, ಔಷಧಿ ಇವೆ. ಆದರೆ ಯಾರೂ ಹೇಳಲ್ಲ, ಆಕೆಯೂ ಕೇಳಲ್ಲ. ಮಕ್ಕಳು ಬೇಕು ಅನ್ನುವ ವಯಸ್ಸಿನವರು, ಹೆಣ್ಣಿರಲಿ ಗಂಡಿರಲಿ, ಚಿಕಿತ್ಸೆ ಶುರುವಾಗೋಕೆ ಮೊದಲೇ ಈ ಮಾತು ಎತ್ತಬೇಕು. ಅವ್ವನ ಜೊತೆ ಆಸ್ಪತ್ರೆಗೆ ಹೋಗುವ ಮಗಳು, ಸೊಸೆ ಇದನ್ನ ಆಕೆಯ ಪರವಾಗಿ ಕೇಳಬಹುದು.

ರೊಕ್ಕ ಎಲ್ಲಿಂದ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ವೆಚ್ಚದ ಶೇ. 30 ಸಿಗುತ್ತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮರೆಯಬೇಡಿ, ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನ ಮೊದಲು ಕಾಣಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಇಂಥ ಯೋಜನೆಗಳು ದಾನ ಅಂತ ಮಾತಾಡುವವರಿಗೆ ನಮ್ಮದೇ ವಿಭಾಗದ ಉದಾಹರಣೆ ಇದೆ. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಡವರಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಚಿಕಿತ್ಸೆಯನ್ನ ಉಚಿತ ಮಾಡಿತು. ಯೋಜನೆ ಇದ್ದ ಮತ್ತು ಇಲ್ಲದ ಹಳ್ಳಿಗಳನ್ನ ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಬಂದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ರೋಗಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆಗುವ ಸಾವು ಶೇ. 64ರಷ್ಟು ಕಡಿಮೆ ಇತ್ತು.

ಉತ್ತರ ಸಿಗದ ಪ್ರಶ್ನೆ: ‘ದಿನಾ ಹೆಂಗ ಬರೋದ್ರಿ?’

ಚಿಕಿತ್ಸೆ ಪೂರ್ತಿ ಉಚಿತ ಅಂತಲೇ ಇಟ್ಟುಕೊಳ್ಳೋಣ. ಕಮಲಾಪುರದಿಂದ ಕಲಬುರಗಿಗೆ ಹೋಗಿಬರೋಕೆ ಸುಮಾರು 70 ಕಿಲೋಮೀಟರ್. 25 ದಿನಕ್ಕೆ 1,750 ಕಿಲೋಮೀಟರ್, ಅದೂ ಉರಿಯುವ ಚರ್ಮ, ಭೇದಿ, ಸುಸ್ತು ಇಟ್ಟುಕೊಂಡು ಬಸ್ಸಿನಲ್ಲಿ. ಜೊತೆಗೆ ಬರುವವರ ಕೂಲಿಯೂ 25 ದಿನ ಹೋಯಿತು. ತಾಜಸುಲ್ತಾನಪುರದವರಿಗೆ ಇದು ಆಟೋ, ಸಿಟಿ ಬಸ್ಸಿನ ಮಾತು, ಅವರು ದಿನಾ ಮನೆಗೆ ಬಂದು ಮಲಗಬಹುದು. ಒಂದೇ ರೋಗ, ಒಂದೇ ಯಂತ್ರ, ಒಂದೇ ಕಾರ್ಡ್. ಆದರೆ ಚಿಕಿತ್ಸೆ ಮುಗಿಸುವ ಸಾಧ್ಯತೆ ಒಂದೇ ಅಲ್ಲ.

ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿ ಇದೆ. ಯಾರೋ ಹೇಳಿದರು ಅಂತ ದೂರದೂರಿಗೆ ಹೊರಡೋ ಮೊದಲು ಅಲ್ಲಿ ವಿಚಾರಿಸಿ: ನನಗೆ ಬೇಕಾದ ಯಂತ್ರ ನಡೀತಿದೆಯಾ? ಎಷ್ಟು ದಿನ ಕಾಯಬೇಕು? ಬ್ರಾಕಿಥೆರಪಿ ಇಲ್ಲೇ ಆಗುತ್ತಾ? ಇಲ್ಲಿ ಆಗಲ್ಲ ಅಂದರೆ ನಮ್ಮ ಭಾಗದವರ ದಾರಿ ಹಳೆಯದೇ: ಸೋಲಾಪುರ, ಬಾರ್ಶಿ, ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರು. ರಾಜ್ಯದ ಗಡಿ ದಾಟುವ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇಲ್ಲ.

ಈಗ ಒಂದು ಲೆಕ್ಕ. 10 ಲಕ್ಷ ಜನಕ್ಕೆ ಕನಿಷ್ಠ ಒಂದು ರೇಡಿಯೇಷನ್ ಯಂತ್ರ ಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಲ್ಲಿ ಎಲ್ಲರೂ ಬಳಸುವ ಅಳತೆ. 2011ರ ಜನಗಣತಿಯಲ್ಲೇ ಕಲ್ಯಾಣ ಕರ್ನಾಟಕದ ಜನಸಂಖ್ಯೆ 1.1 ಕೋಟಿ ದಾಟಿತ್ತು. ಅಂದರೆ ಕನಿಷ್ಠ 11 ಯಂತ್ರ. 2025-26ರ ಕೇಂದ್ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ ಘೋಷಿಸಿತು. ಒಳ್ಳೆಯದೇ. ಆದರೆ ಡೇ ಕೇರ್ ಅಂದರೆ ಮುಖ್ಯವಾಗಿ ಕೀಮೋ. ರೇಡಿಯೇಷನ್‌ಗೆ ದಪ್ಪ ಕಾಂಕ್ರೀಟ್ ಗೋಡೆಯ ಬಂಕರ್, ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್, ಮೆಡಿಕಲ್ ಫಿಸಿಸಿಸ್ಟ್, ತಂತ್ರಜ್ಞರು ಬೇಕು. ಟೇಪ್ ಕತ್ತರಿಸಿ ಫೋಟೋ ತೆಗೆಸಿಕೊಂಡರೆ ಅದು ನಡೆಯಲ್ಲ.

ನಮ್ಮಲ್ಲಿ ಆಗಲ್ಲ ಅನ್ನೋದೂ ಸುಳ್ಳು. 371(ಜೆ) ನೆನಪಿಗೆ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಇದೇ ಕಲಬುರಗಿಯಲ್ಲಿ ಉದ್ಘಾಟನೆ ಆಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ರಾಜ್ಯ ಬಜೆಟ್ 5,000 ಕೋಟಿ ರೂಪಾಯಿ ಘೋಷಿಸಿತು. ಹೃದಯಕ್ಕೆ ಆದದ್ದು ಕ್ಯಾನ್ಸರ್‌ಗೂ ಆಗಬೇಕು, ಆದರೆ ಕಟ್ಟಡದ ಜೊತೆಗೆ ಇನ್ನೂ ಮೂರು ಬೇಕು. ಯಂತ್ರದ ಹತ್ತಿರ ರೋಗಿ ಮತ್ತು ಜೊತೆಗಾರರಿಗೆ ಉಚಿತ ವಸತಿ, ಊಟ. ಚಿಕಿತ್ಸೆಯ ದಿನಗಳಿಗೆ ಜೊತೆಗಾರರ ಕೂಲಿ ನಷ್ಟಕ್ಕೆ ಭತ್ಯೆ. ಶಹರದೊಳಗೆ ಇರುವವರಿಗೂ ಹಳ್ಳಿಯವರಿಗೂ ಹೊಂದುವಂತೆ ರೇಡಿಯೇಷನ್ ಸಮಯ ಹಂಚಿಕೆ, ದೂರದವರಿಗೆ ನಡು ಮಧ್ಯಾಹ್ನ, ಹತ್ತಿರದವರಿಗೆ ಬೆಳಿಗ್ಗೆ ಅಥವಾ ಸಂಜೆ. ಕೊನೆಯದಕ್ಕಂತೂ ಒಂದು ರೂಪಾಯಿ ಖರ್ಚಿಲ್ಲ.

ಆರ್‌ಟಿಐ ಹಾಕಲು ಬರುವ, ಶಾಸಕರನ್ನ ಫೇಸ್‌ಬುಕ್‌ನಲ್ಲಿ ಟ್ಯಾಗ್ ಮಾಡಲು ಬರುವ ನಮ್ಮಂಥವರು ಕೇಳಬೇಕಾದದ್ದು ಮೂರು ಅಂಕಿ. ನಿಮ್ಮ ಜಿಲ್ಲೆಯ ರೇಡಿಯೇಷನ್ ಯಂತ್ರ ಕಳೆದ ವರ್ಷ ಎಷ್ಟು ದಿನ ಕೆಟ್ಟು ನಿಂತಿತ್ತು? ಹೆಸರು ಬರೆಸಿದ ದಿನದಿಂದ ಮೊದಲ ಡೋಸ್‌ವರೆಗೆ ಸರಾಸರಿ ಎಷ್ಟು ದಿನ? ಶುರು ಮಾಡಿದವರಲ್ಲಿ ಪೂರ್ತಿ ಮುಗಿಸಿದವರು ಎಷ್ಟು, ಅರ್ಧಕ್ಕೆ ಬಿಟ್ಟವರು ಎಷ್ಟು, ತಾಲ್ಲೂಕುವಾರು? ಈ ಮೂರನ್ನೂ ಪ್ರತಿ ತಿಂಗಳು ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು. ಅರ್ಧಕ್ಕೆ ಬಿಟ್ಟವರ ಪಟ್ಟಿಯಲ್ಲಿ ಯಾವ ತಾಲ್ಲೂಕು ಮೇಲಿದೆಯೋ, ಮುಂದಿನ ವಸತಿ, ವಾಹನ, ಯಂತ್ರ ಮೊದಲು ಹೋಗಬೇಕಾದದ್ದು ಅಲ್ಲಿಗೆ.